ಜಗಳಕ್ಕೆ ಹೆಸರಿಟ್ಟವರು ಯಾರು?

ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವರ ಹೊಟ್ಟೆಪಾಡು ಬಹುಮಟ್ಟಿಗೆ ಬೇರೆಯವರ ಜಗಳದಿಂದಲೇ ನಡೆಯುತ್ತದೆ. ದೇಶ ದೇಶಗಳ ಜಗಳ, ಪಕ್ಷದೊಳಗಿನ ಜಗಳ, ನೀರಿನ ಜಗಳ, ಗಡಿ ಜಗಳ, ಕ್ರಿಕೆಟ್ಟಿನ ಜಗಳ. ಇವುಗಳಲ್ಲಿ ದೊಡ್ಡ ಪಾಲು ನಮ್ಮ ಮೇಜಿಗೆ ಬರುವುದು ಸುದ್ದಿಸಂಸ್ಥೆಗಳ ಇಂಗ್ಲಿಷಿನಲ್ಲಿ. ಪುಟ ಬಿಡುವ ಹೊತ್ತಿಗೆ ಅವೆಲ್ಲ ಕನ್ನಡವಾಗಿರಬೇಕು. ಪದಗಳಿಗೇನೂ ನಮ್ಮಲ್ಲಿ ಬರವಿಲ್ಲ. ಕದನ, ಕಾದಾಟ, ಕಿತ್ತಾಟ, ತಿಕ್ಕಾಟ, ಗುದ್ದಾಟ, ಮೇಲಾಟ, ಸೆಣಸಾಟ, ಹಣಾಹಣಿ, ಜಟಾಪಟಿ, ಜಿದ್ದು, ಹಗೆ, ತಂಟೆ, ತಕರಾರು, ರಂಪ, ರಾದ್ಧಾಂತ ಎಂದು ಎಣಿಸುತ್ತ ಹೋದರೆ ಇಂಗ್ಲಿಷಿನವರೇ ನಮ್ಮ ಹತ್ತಿರ ಕಡ ಕೇಳಬೇಕು. ಕಷ್ಟ ಇರುವುದು ಬೇರೆ ಕಡೆ. ಇಂಗ್ಲಿಷ್ ಕಾಪಿಯಲ್ಲಿ ಬರುವ ಪ್ರತಿಯೊಂದು ಜಗಳದ ಪದವನ್ನೂ ಯಾರೋ ಒಬ್ಬರು ಬೇಕೆಂದೇ ಆರಿಸಿರುತ್ತಾರೆ. ಸರ್ಕಾರದ ವಕ್ತಾರ, ವಕೀಲ, ವಿಮಾ ಕಂಪನಿ, ಇಲ್ಲವೇ ತಲೆಬರಹಕ್ಕೆ ಜಾಗ ಸಾಲದೆ ಒದ್ದಾಡಿದ ಉಪಸಂಪಾದಕ. ಆ ಆಯ್ಕೆ ಯಾರದೆಂದು ತಿಳಿಯದೆ ಕನ್ನಡಕ್ಕೆ ತಂದರೆ ಅವರ ಪಕ್ಷ ವಹಿಸಿದಂತೆಯೇ. ಡೆಸ್ಕಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ‘ವಾರ್’ ಎಂಬ ಮಾತನ್ನು ಯಾರು ನುಂಗುತ್ತಿದ್ದಾರೆ ನೋಡಿ

ಕಲ್ಯಾಣ ಕರ್ನಾಟಕದ ಹಿರಿಯರಿಗೆ ‘ಪೊಲೀಸ್ ಆ್ಯಕ್ಷನ್’ ಅಂದರೆ ವಿವರಿಸಬೇಕಾಗಿಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಹೈದರಾಬಾದ್ ಸಂಸ್ಥಾನದೊಳಕ್ಕೆ ನುಗ್ಗಿದ್ದು ಪೊಲೀಸರಲ್ಲ. ಟ್ಯಾಂಕುಗಳ ಸಮೇತ ಭಾರತದ ಸೇನೆ. ಸೇನೆ ತನ್ನ ಕಡತದಲ್ಲಿ ಅದಕ್ಕಿಟ್ಟ ಹೆಸರು ‘ಆಪರೇಷನ್ ಪೋಲೊ’. ಮುಂದಾಳತ್ವ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರದು. ಹಾಗಿದ್ದರೂ ‘ಪೊಲೀಸ್’ ಎಂಬ ಮಾತು ಯಾಕೆ ಬಂತು? ಯುದ್ಧ ಅಂದುಬಿಟ್ಟರೆ ಹೈದರಾಬಾದ್ ಬೇರೆಯೇ ಒಂದು ದೇಶ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ನಿಜಾಮರ ಕಡೆಯವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲು ತಟ್ಟಿದ್ದೂ ಆಗಲೇ. ಮನೆಯೊಳಗಿನ ಶಾಂತಿಪಾಲನೆ ಅಂದರೆ ಹೊರಗಿನವರು ಕೇಳುವಂತಿಲ್ಲ.

ಅದೇ ಪದಕ್ಕೆ ಎರಡೇ ವರ್ಷದಲ್ಲಿ ಇನ್ನೊಂದು ಕೆಲಸ ಸಿಕ್ಕಿತು. 1950ರ ಜೂನ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಕೊರಿಯಾ ವಿಚಾರವಾಗಿ ಪತ್ರಕರ್ತರನ್ನು ಕಂಡು, ನಾವು ಯುದ್ಧದಲ್ಲಿಲ್ಲ ಎಂದರು. ಹಾಗಾದರೆ ಇದನ್ನು ವಿಶ್ವಸಂಸ್ಥೆಯಡಿಯ ಪೊಲೀಸ್ ಆ್ಯಕ್ಷನ್ ಅನ್ನಬಹುದೇ ಎಂದು ಒಬ್ಬ ವರದಿಗಾರ ಕೇಳಿದ. ಅಧ್ಯಕ್ಷರು ಹೌದು ಎಂದರು. ಮಾತು ಹುಟ್ಟಿದ್ದು ವರದಿಗಾರನ ಬಾಯಲ್ಲಿ, ಜೋತುಬಿದ್ದಿದ್ದು ಅಧ್ಯಕ್ಷರ ಕೊರಳಿಗೆ. ಆ ‘ಪೊಲೀಸ್ ಕಾರ್ಯಾಚರಣೆ’ಯಲ್ಲಿ ಮೂರು ವರ್ಷಗಳಲ್ಲಿ ಸತ್ತ ಅಮೆರಿಕನ್ ಸೈನಿಕರೇ 30,000ಕ್ಕೂ ಹೆಚ್ಚು, ಕೊರಿಯಾದವರ ಲೆಕ್ಕ ಲಕ್ಷಗಳಲ್ಲಿ. ಅಮೆರಿಕದ ಕಾಂಗ್ರೆಸ್ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ವಿಯೆಟ್ನಾಂ, ಅಫ್ಗಾನಿಸ್ತಾನ, ಇರಾಕ್ ಯಾವುದಕ್ಕೂ ಆ ಭಾಗ್ಯವಿಲ್ಲ. 1956ರಲ್ಲಿ ಸೂಯೆಜ್‌ಗೆ ಸೇನೆ ಕಳಿಸಿದ ಬ್ರಿಟನ್ ಪ್ರಧಾನಿ ಈಡನ್ ಕೂಡ, ಇದು ಯುದ್ಧವಲ್ಲ, ‘ಆರ್ಮ್‌ಡ್ ಕಾನ್‌ಫ್ಲಿಕ್ಟ್’ ಎಂದು ಸಂಸತ್ತಿನಲ್ಲಿ ಸಮಜಾಯಿಷಿ ಕೊಟ್ಟರು.

ತಮಾಷೆ ಎಂದರೆ, ‘ಆರ್ಮ್‌ಡ್ ಕಾನ್‌ಫ್ಲಿಕ್ಟ್’ ಎಂಬ ಪದವನ್ನು 1949ರ ಜಿನೀವಾ ಒಪ್ಪಂದಗಳಲ್ಲಿ ಸೇರಿಸಿದ್ದೇ ಇಂಥ ನುಣುಚಾಟವನ್ನು ತಡೆಯಲು. ಯುದ್ಧ ಘೋಷಿಸಿರಲಿ ಬಿಡಲಿ, ಒಂದು ಕಡೆಯವರು ಅದನ್ನು ಯುದ್ಧ ಎಂದು ಒಪ್ಪದೇ ಇರಲಿ, ಗಾಯಾಳುಗಳಿಗೂ ಕೈದಿಗಳಿಗೂ ಆ ಒಪ್ಪಂದದ ರಕ್ಷಣೆ ಸಿಗಬೇಕು ಎಂಬುದು ಅದರ ಎರಡನೇ ಕಲಮು. ನುಣುಚಿಕೊಳ್ಳಲು ಬಿಡದ ಪದವೇ ಏಳೇ ವರ್ಷದಲ್ಲಿ ನುಣುಚಿಕೊಳ್ಳುವವರ ಆಸರೆಯಾಯಿತು. ಮಲಯಾದ 1948–60ರ ಹೋರಾಟವನ್ನು ಬ್ರಿಟಿಷರು ‘ಎಮರ್ಜೆನ್ಸಿ’ ಎಂದು ಕರೆದದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ವಿಮೆ: ಯುದ್ಧ ಎಂದರೆ ರಬ್ಬರ್ ತೋಟ, ತವರದ ಗಣಿಗಳ ಮಾಲೀಕರಿಗೆ ಪರಿಹಾರ ಸಿಗುತ್ತಿರಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡ ಮೂರು ದಶಕಗಳ ರಕ್ತಪಾತದ ಹೆಸರು ‘ದಿ ಟ್ರಬಲ್ಸ್’. ಓದಿದರೆ ಯಾರದೋ ಮನೆಯ ನಲ್ಲಿ ಕೆಟ್ಟ ಹಾಗಿದೆ.

ಡೆಸ್ಕಿನಲ್ಲಿ ಇದು ಬರೀ ಇತಿಹಾಸವಲ್ಲ. 2019ರ ಫೆಬ್ರುವರಿ 26ರ ಬಾಲಾಕೋಟ್ ದಾಳಿಯನ್ನು ನಮ್ಮ ವಿದೇಶಾಂಗ ಕಾರ್ಯದರ್ಶಿ ‘ನಾನ್ ಮಿಲಿಟರಿ ಪ್ರಿಎಂಪ್ಟಿವ್ ಆ್ಯಕ್ಷನ್’ ಎಂದರು. ಅದನ್ನು ‘ಸೇನೇತರ ಕ್ರಮ’ ಎಂದು ಕನ್ನಡಿಸಿದರೆ ದಾಳಿ ಮಾಡಿದ್ದು ಸೇನೆಯಲ್ಲ ಎಂದಾಗುತ್ತದೆ. ಮಾಡಿದ್ದು ವಾಯುಪಡೆ, ಗುರಿ ಮಾತ್ರ ಪಾಕಿಸ್ತಾನದ ಸೇನೆಯಾಗಿರಲಿಲ್ಲ ಎಂಬುದು ಹೇಳಿಕೆಯ ತಾತ್ಪರ್ಯ. ‘ಪಾಕ್ ಸೇನೆಯನ್ನು ಗುರಿಯಾಗಿಸದ ಮುಂಜಾಗ್ರತಾ ದಾಳಿ’ ಎಂದು ಬರೆದರೆ ಎರಡು ಪದ ಹೆಚ್ಚಾಗುತ್ತದೆ, ಆಗಲಿ. ನನ್ನ ಕ್ರಮ ಇಷ್ಟು: ಅಧಿಕೃತ ಪದ ಅಧಿಕಾರಿಯ ಬಾಯಲ್ಲೇ ಇರಲಿ, ಉದ್ಧರಣ ಚಿಹ್ನೆಯೊಳಗೆ. ನಮ್ಮ ವಾಕ್ಯದಲ್ಲಿ ನಡೆದದ್ದು ಏನು ಎಂಬುದಷ್ಟೇ ಇರಲಿ.

2. ‘ಕ್ಲ್ಯಾಶ್’ ಕಂಡರೆ ಕರ್ತೃವನ್ನು ಹುಡುಕಿ

ಇಂಗ್ಲಿಷಿನಲ್ಲಿ ಘರ್ಷಣೆಗಳು ತಾವಾಗಿಯೇ ‘ಇರಪ್ಟ್’ ಆಗುತ್ತವೆ, ‘ಬ್ರೇಕ್ ಔಟ್’ ಆಗುತ್ತವೆ. ನಾವೂ ‘ಭುಗಿಲೆದ್ದಿತು’, ‘ಸಂಭವಿಸಿತು’ ಎಂದು ಬರೆಯುತ್ತೇವೆ, ಆಲಿಕಲ್ಲು ಮಳೆ ಬಿದ್ದ ಹಾಗೆ. ಯಾರು ಹೊಡೆದರು, ಯಾರಿಗೆ ಪೆಟ್ಟಾಯಿತು ಎಂಬುದು ಈ ಕ್ರಿಯಾಪದದ ಹಿಂದೆ ಅಡಗಿ ಕೂರುತ್ತದೆ. ‘ಎರಡು ಗುಂಪುಗಳ ಘರ್ಷಣೆ, ಮೂವರಿಗೆ ಗಾಯ’ ಎಂಬ ತಲೆಬರಹ ಬಂದರೆ ನಾನು ವರದಿಗಾರನಿಗೆ ಫೋನ್ ಮಾಡಿಸುತ್ತೇನೆ. ಆ ಮೂವರೂ ಒಂದೇ ಕೇರಿಯವರೋ? ಆಸ್ಪತ್ರೆಯಲ್ಲಿ ಒಂದೇ ಕಡೆಯವರು ಮಲಗಿದ್ದರೆ ಅದನ್ನು ಘರ್ಷಣೆ ಎನ್ನುವುದು ಹೇಗೆ?

ಕರ್ನಾಟಕದಲ್ಲಿ ಈ ಪ್ರಶ್ನೆ ಕೇಳಲೇಬೇಕು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸಜೀವವಾಗಿ ಸುಟ್ಟರು. ಅದಕ್ಕೆ ಮುಂಚಿನ ವೈಮನಸ್ಯದ ಕಥೆ ಹೇಳುತ್ತ ಅದನ್ನು ‘ಗುಂಪು ಘರ್ಷಣೆ’ಯ ಮುಂದುವರಿಕೆ ಎಂದು ಬರೆಯಬಹುದು, ಬರೆದರೆ ಬೆಂಕಿ ಹಚ್ಚಿದವರೂ ಬೆಂದವರೂ ಒಂದೇ ಸಾಲಿಗೆ ಬಂದು ನಿಲ್ಲುತ್ತಾರೆ. ಆರೋಪಿಗಳು ಮುಂದೆ ಖುಲಾಸೆಯಾದರು ಎಂಬುದರಿಂದ ಅಲ್ಲಿ ನಡೆದದ್ದು ಜಗಳವಾಗಿಬಿಡುವುದಿಲ್ಲ. ಕಾನೂನು ಇಂಥದ್ದಕ್ಕೆ ಬೇರೆ ಪದವನ್ನೇ ಇಟ್ಟಿದೆ. 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕಾಯ್ದೆಯ ಹೆಸರಿನಲ್ಲೇ ಇರುವುದು ‘ಅಟ್ರಾಸಿಟಿ’, ಅಂದರೆ ದೌರ್ಜನ್ಯ. ಆ ಪದಕ್ಕೆ ದಿಕ್ಕಿದೆ. ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕ್ಲ್ಯಾಶ್‌ಗೆ ದಿಕ್ಕಿಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ಆದೇಶದ ನಂತರ ಬೆಂಗಳೂರಿನ ತಮಿಳರ ಮೇಲೆ ನಡೆದ ಹಿಂಸೆಗೂ ‘ಮೇಲೆ’ ಎಂಬ ಪದ ಬೇಕು, ‘ನಡುವೆ’ ಅಲ್ಲ. ನಮ್ಮವರದೇ ತಪ್ಪಾದಾಗ ವ್ಯಾಕರಣ ಸಡಿಲವಾಗುವುದು ಎಲ್ಲ ಭಾಷೆಯ ಪತ್ರಿಕೆಗಳಲ್ಲೂ ಕಾಣುವ ಕಾಯಿಲೆ.

ಪೊಲೀಸ್ ಕಾಪಿ ಓದುವವರಿಗೆ ಒಂದು ಸಣ್ಣ ಕೈಪಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ರಯಟ್’ಗೆ ಕನಿಷ್ಠ ಐದು ಜನರ ಅಕ್ರಮ ಕೂಟ ಬೇಕು (ಕಲಂ 189, 191). ಇಬ್ಬರೇ ಬೀದಿಯಲ್ಲಿ ಬಡಿದಾಡಿಕೊಂಡು ಶಾಂತಿ ಕದಡಿದರೆ ಅದು ‘ಅಫ್ರೇ’ (ಕಲಂ 194). ಮೂವರು ಕುಡುಕರ ಹೊಡೆದಾಟವನ್ನು ‘ದೊಂಬಿ’ ಎಂದು ಬರೆದರೆ ಓದುಗ ಇಡೀ ಊರಿಗೆ ಬೆಂಕಿ ಬಿದ್ದಿದೆ ಅಂದುಕೊಳ್ಳುತ್ತಾನೆ.

3. ‘ರೌ’ಗೆ ಸದ್ದಷ್ಟೇ ಇದೆ, ‘ಡಿಸ್ಪ್ಯೂಟ್’ಗೆ ಹಕ್ಕಿದೆ

ಮೊದಲು ಉಚ್ಚಾರ. ಜಗಳ ಎಂಬರ್ಥದ ಆ ಮೂರಕ್ಷರದ ಪದ ‘ಕೌ’ ಜೊತೆ ಪ್ರಾಸವಾಗುತ್ತದೆ. ‘ರೋ’ ಅಂದರೆ ಸಾಲು. 2022ರ ಹಿಜಾಬ್ ಗಲಾಟೆಯ ದಿನಗಳಲ್ಲಿ ನಮ್ಮ ಚಾನೆಲ್ಲುಗಳಲ್ಲಿ ಎಷ್ಟು ಜನ ಹಿಜಾಬಿನ ಸಾಲಿನ ಬಗ್ಗೆ ಮಾತಾಡಿದರೋ!

ಬ್ರಿಟಿಷ್ ಪತ್ರಿಕೆಗಳು ಈ ಪದವನ್ನು ಅಪ್ಪಿಕೊಂಡಿದ್ದು ಅದರ ಗಾತ್ರಕ್ಕಾಗಿ. ಒಂದು ಕಾಲಮ್ಮಿನ ತಲೆಬರಹದಲ್ಲಿ ‘ಕಾಂಟ್ರೊವರ್ಸಿ’ ಹಿಡಿಸುವುದಿಲ್ಲ. ‘ಫೋ’, ‘ವೈ’, ‘ರ‍್ಯಾಪ್’, ‘ಸ್ಪ್ಯಾಟ್’, ‘ರಿಫ್ಟ್’, ‘ಫ್ಯೂಡ್’ ಎಲ್ಲವೂ ಹೀಗೆ ಅಚ್ಚುಮೊಳೆಯ ಕಾಲದಲ್ಲಿ ಜಾಗ ಉಳಿಸಲು ಕೆಲಸಕ್ಕೆ ಸೇರಿದವು. ಬೀದಿಯಲ್ಲಿ ಯಾವ ಇಂಗ್ಲಿಷನೂ ನೆರೆಯವನನ್ನು ‘ಫೋ’ ಅನ್ನುವುದಿಲ್ಲ. ಭಾರತದ ಇಂಗ್ಲಿಷ್ ಪತ್ರಿಕೆಗಳು ಇದನ್ನೇ ಮುಂದುವರಿಸಿ ಎಲ್ಲಕ್ಕೂ ರೌ ಹಚ್ಚಿದವು: ಕಾವೇರಿ ರೌ, ಮಹದಾಯಿ ರೌ, ಬೆಳಗಾವಿ ರೌ. ನಾವು ಎಲ್ಲಕ್ಕೂ ‘ವಿವಾದ’ ಎಂದೆವು.

ಆದರೆ ಕಾವೇರಿಗೆ ಸಂವಿಧಾನವೇ ಕೊಟ್ಟ ಪದವಿದೆ. 262ನೇ ವಿಧಿಯಲ್ಲಿ, 1956ರ ಅಂತರರಾಜ್ಯ ನದಿ ನೀರಿನ ಕಾಯ್ದೆಯಲ್ಲಿ, 1990ರ ಜೂನ್ 2ರಂದು ರಚನೆಯಾದ ನ್ಯಾಯಮಂಡಳಿಯ ಹೆಸರಿನಲ್ಲಿ ಇರುವುದು ‘ಡಿಸ್ಪ್ಯೂಟ್’. ಅದು ಹಕ್ಕಿನ ಪ್ರಶ್ನೆ, ಪುರಾವೆ ಕೇಳುತ್ತದೆ, ತೀರ್ಪಿನಿಂದ ಮುಗಿಯಬಲ್ಲದು. ಒಬ್ಬ ಸಚಿವರ ಬಾಯಿಂದ ಜಾರಿದ ಮಾತು ಎಬ್ಬಿಸುವ ರೌಗೆ ತೀರ್ಪು ಬೇಕಿಲ್ಲ. ಮುಂದಿನ ರೌ ಬಂದರೆ ತಾನಾಗಿ ಅಡಗುತ್ತದೆ. ನಾನು ಮೊದಲನೆಯದಕ್ಕೆ ‘ವ್ಯಾಜ್ಯ’ ಅಥವಾ ‘ಜಲವಿವಾದ’ ಇಡುತ್ತೇನೆ, ಎರಡನೆಯದಕ್ಕೆ ‘ಗದ್ದಲ’. ಸಚಿವರ ಆಪ್ತರು ಗದ್ದಲ ಎಂದರೆ ಹಗುರವಾಯಿತು ಎಂದು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ.

4. ‘ರೈವಲ್’ ಶತ್ರುವಲ್ಲ, ದಾಯಾದಿ

ಜಗಳದ ಇಂಗ್ಲಿಷ್ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಲ್ಯಾಟಿನ್‌ನಲ್ಲಿ ‘ರೀವುಸ್’ ಅಂದರೆ ತೊರೆ, ಹಳ್ಳ. ‘ರೀವಾಲಿಸ್’ ಅಂದರೆ ಒಂದೇ ತೊರೆಯ ನೀರನ್ನು ಬಳಸುವ ನೆರೆಯವನು. ಒಂದೇ ಹೆಣ್ಣಿಗಾಗಿ ಹಾತೊರೆಯುವ ಇಬ್ಬರಿಗೂ ರೋಮನ್ನರು ಆ ಪದವನ್ನೇ ಅಂಟಿಸಿದರು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನ ಜೊತೆ ಪಹರೆಗೆ ಬರಬೇಕಾದವರನ್ನು ‘ರೈವಲ್ಸ್’ ಎಂದೇ ಕರೆಯುತ್ತಾನೆ. ಅಲ್ಲಿ ಅದಕ್ಕೆ ಪಾಲುದಾರರು, ಜೊತೆಗಾರರು ಎಂದರ್ಥ. ಹಂಚಿಕೊಳ್ಳುವವನು ಎಂಬುದೇ ಮೊದಲು, ಹೊಡೆದಾಡುವವನು ಎಂಬುದು ಆಮೇಲೆ.

ನಮಗೆ ಇದನ್ನು ಲ್ಯಾಟಿನ್‌ನಿಂದ ಕಲಿಯಬೇಕಾಗಿಲ್ಲ. ‘ದಾಯ’ ಅಂದರೆ ಪಿತ್ರಾರ್ಜಿತದ ಪಾಲು. ಅದರಲ್ಲಿ ಹಕ್ಕುಳ್ಳವನು ದಾಯಾದಿ. ಇಡೀ ಮಹಾಭಾರತ ನಿಂತಿರುವುದೇ ಅದರ ಮೇಲೆ. ಪಾಲಿಲ್ಲದ ಕಡೆ ದಾಯಾದಿ ಮತ್ಸರ ಹುಟ್ಟುವುದಿಲ್ಲ. ಆದ್ದರಿಂದ ಕಾವೇರಿಯ ವಿಷಯದಲ್ಲಿ ಕರ್ನಾಟಕ, ತಮಿಳುನಾಡುಗಳನ್ನು ‘ರೈವಲ್ ಸ್ಟೇಟ್ಸ್’ ಎಂದು ಏಜೆನ್ಸಿ ಬರೆದಾಗ ಅದಕ್ಕೆ ಗೊತ್ತಿಲ್ಲದೆಯೇ ಅಕ್ಷರಶಃ ಸರಿಯಾದದ್ದನ್ನು ಬರೆದಿರುತ್ತದೆ. 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಮತ್ತೊಂದು, 2007ರಲ್ಲಿ ನ್ಯಾಯಮಂಡಳಿಯ ಅಂತಿಮ ಐತೀರ್ಪು. ಕೊನೆಗೆ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಮಾಡಿದ ಭಾಗ: ತಮಿಳುನಾಡಿಗೆ 404.25 ಟಿಎಂಸಿ ಅಡಿ, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಇದು ಆಸ್ತಿ ಹಿಸ್ಸೆಯ ಭಾಷೆ. ಇಂಥ ಕಡೆ ‘ವೈರಿ ರಾಜ್ಯ’ ಎಂದು ಬರೆದವರ ಕಾಪಿಯನ್ನು ನಾನು ವಾಪಸು ಕಳಿಸುತ್ತೇನೆ.

ಕ್ರೀಡಾ ಡೆಸ್ಕಿನ ಕಥೆಯೇ ಬೇರೆ. ‘ಆರ್ಚ್ ರೈವಲ್ಸ್’ ಎಂಬುದಕ್ಕೆ ಅಲ್ಲಿ ‘ಸಾಂಪ್ರದಾಯಿಕ ಎದುರಾಳಿ’ ಎಂಬ ಮುದ್ರೆ ಸಿದ್ಧವಾಗಿದೆ. ಪಾಕಿಸ್ತಾನದ ಹೆಸರಿನ ಮುಂದೆ ಅದು ತಾನೇ ಬಂದು ಕೂರುತ್ತದೆ. ಸಂಪ್ರದಾಯ ಅಂದ ಮೇಲೆ ಅರಿಶಿನ ಕುಂಕುಮವೂ ಇರಬೇಕಲ್ಲ. ‘ಬದ್ಧ ವೈರಿ’ಗಿಂತ ವಾಸಿ ಎಂದು ಸುಮ್ಮನಿದ್ದೇನೆ. ಅಲ್ಲಿನವರಿಗೆ ಹೇಳುವುದು, ‘ರೈವಲ್ರಿ’ ಎಂಬುದಕ್ಕೆ ಎರಡು ಷರತ್ತುಗಳಿವೆ ಎಂದು. ಹಳೆಯ ಲೆಕ್ಕಗಳಿರಬೇಕು, ಮತ್ತು ಎರಡೂ ಕಡೆ ಗೆಲ್ಲುವ ತಾಕತ್ತಿರಬೇಕು. 1958–59ರಿಂದ 1972–73ರವರೆಗೆ ಬಾಂಬೆ ತಂಡ ಸತತವಾಗಿ 15 ಸಲ ರಣಜಿ ಟ್ರೋಫಿ ಗೆದ್ದಿತು. ಆ ಕಾಲದಲ್ಲಿ ಮೈಸೂರು ತಂಡ ಅದಕ್ಕೆ ಒಬ್ಬ ಎದುರಾಳಿ, ಅಷ್ಟೇ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೊದಲ ಋತುವಿನಲ್ಲೇ, 1974ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ ನಮ್ಮ ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿ ಬಾಂಬೆಯನ್ನು ಹೊರಗಟ್ಟಿದ ಮೇಲೆ ರೈವಲ್ರಿ ಶುರುವಾಯಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ಫೈನಲ್‌ನಲ್ಲಿ ಮುಂಬೈ ನಮ್ಮನ್ನು ಬರೀ 6 ರನ್‌ಗಳಿಂದ ಸೋಲಿಸಿದಾಗ ಹೊಟ್ಟೆ ಉರಿದದ್ದು ಅದಕ್ಕೇ. 2025ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನವನ್ನು ಮತ್ತೆ ಸೋಲಿಸಿದ ಬಳಿಕ ನಾಯಕ ಸೂರ್ಯಕುಮಾರ್ ಯಾದವ್, ಇದನ್ನು ರೈವಲ್ರಿ ಅನ್ನುವುದನ್ನು ಬಿಡಿ ಎಂದು ಪತ್ರಕರ್ತರಿಗೇ ಹೇಳಿದರು. ಕೆಣಕುವ ಮಾತೇ ಸರಿ, ಆದರೆ ಪದದ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು.

ರಾಜಕೀಯದಲ್ಲೂ ಒಂದು ಎಚ್ಚರ. ಬ್ರಿಟಿಷ್ ಸಂಸತ್ತಿನಲ್ಲಿ 1826ರಲ್ಲಿ ಹಾಬ್‌ಹೌಸ್ ಎಂಬ ಸದಸ್ಯ ‘ರಾಜರ ವಿರೋಧ ಪಕ್ಷ’ ಎಂದು ತಮಾಷೆಗೆ ಆಡಿದ ಮಾತು ಮುಂದೆ ಹುದ್ದೆಯೇ ಆಯಿತು. ಎದುರು ಬೆಂಚಿನವರು ರಾಜ್ಯದ ಶತ್ರುಗಳಲ್ಲ ಎಂಬುದು ಅದರೊಳಗಿನ ತತ್ವ. ಕನ್ನಡದಲ್ಲಿ ‘ವಿರೋಧ ಪಕ್ಷ’ಕ್ಕಿಂತ ‘ಪ್ರತಿಪಕ್ಷ’ ನನಗೆ ಹತ್ತಿರ.

5. ‘ಫೈಟ್ ವಿತ್’ ಎರಡು ಕಡೆಗೂ ತಿರುಗುವ ಬಾಗಿಲು

ಟಿಪ್ಪು ಬ್ರಿಟಿಷರೊಂದಿಗೆ ಹೋರಾಡಿದ. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷರೊಂದಿಗೆ ಹೋರಾಡಿದರು. ಮೊದಲನೆಯವನು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಅವರ ವಿರುದ್ಧ ಹೋರಾಡಿ ಸತ್ತ. ಎರಡನೆಯವರು 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರವಾಗಿ, ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಕಿತ್ತುಕೊಂಡರು. ‘ವಿತ್’ ಎಂಬುದೂ ‘ಜೊತೆ’ ಎಂಬುದೂ ಇಲ್ಲಿ ಒಂದೇ ರೀತಿ ಕೈಕೊಡುತ್ತವೆ. ‘ವಿರುದ್ಧ’ ಅಥವಾ ‘ಪರವಾಗಿ’ ಎಂದು ಬರೆಯಿರಿ, ಮುಗಿಯಿತು.

6. ಬಂಡಾಯದ ಹೆಸರು ಗೆದ್ದವನ ಕೈಬರಹ

1857ಕ್ಕೆ ಬ್ರಿಟಿಷರು ಇಟ್ಟದ್ದು ‘ಮ್ಯೂಟಿನಿ’. ಸಂಬಳ ತಿನ್ನುವ ಸೈನಿಕ ಅಧಿಕಾರಿಗೆ ಎದುರು ಬೀಳುವುದಕ್ಕೆ ಸೇನಾ ಕಾನೂನಿನಲ್ಲಿರುವ ಪದ ಅದು. ಅಂದರೆ ರೈತರು, ಪಾಳೇಗಾರರು, ಬೇಡರು ಯಾರೂ ಲೆಕ್ಕಕ್ಕಿಲ್ಲ, ಎಲ್ಲ ಬರೀ ಬ್ಯಾರಕ್ಕಿನ ಗಲಾಟೆ. ಸಾವರ್ಕರ್ 1909ರ ಪುಸ್ತಕದಲ್ಲಿ ಅದನ್ನೇ ‘ವಾರ್ ಆಫ್ ಇಂಡಿಪೆಂಡೆನ್ಸ್’ ಎಂದರು; ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಮ್ಮ ಪಠ್ಯಪುಸ್ತಕಗಳು ‘ಸಿಪಾಯಿ ದಂಗೆ’ಯಿಂದ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ಕ್ಕೆ ಬಂದು ನಿಂತಿವೆ. ಆದರೆ ಅದೇ ವರ್ಷ ಆಯುಧ ಒಪ್ಪಿಸಲೊಲ್ಲದೆ ಸಿಡಿದೆದ್ದ ಹಲಗಲಿಯ ಬೇಡರದು ಇಂದಿಗೂ ‘ದಂಗೆ’ಯೇ. ಅವರು ಸಿಪಾಯಿಗಳೇ ಆಗಿರಲಿಲ್ಲ, ಯಾರ ಸಂಬಳವನ್ನೂ ತಿಂದಿರಲಿಲ್ಲ. ಅವರ ಮೇಲಿನ ಲಾವಣಿಯನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಎಂಬುದು ಈ ಕಥೆಯೊಳಗಿನ ವಿಚಿತ್ರ.

ಸುಳ್ಯದ ಕಡೆಗೆ ಹೋದರೆ ಇನ್ನೂ ಸ್ವಾರಸ್ಯ. 1837ರಲ್ಲಿ ಅಲ್ಲಿನ ರೈತರು ಕಂಪನಿ ಸರ್ಕಾರದ ಮೇಲೆ ಎದ್ದರು, ಮಂಗಳೂರಿನವರೆಗೆ ಬಂದು ಈಗ ಬಾವುಟಗುಡ್ಡೆ ಅನ್ನುವ ಜಾಗದಲ್ಲಿ ಬಾವುಟ ಏರಿಸಿ 13 ದಿನ ಊರನ್ನು ಹಿಡಿದಿಟ್ಟುಕೊಂಡರು. ಬ್ರಿಟಿಷ್ ಕಡತಗಳಲ್ಲಿ ಅದು ‘ರೆಬೆಲಿಯನ್’. ಜನರ ಬಾಯಲ್ಲಿ ಬಹುಕಾಲ ಉಳಿದದ್ದು ಮುಂದಾಳಿನ ಹೆಸರು ಹೊತ್ತ ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಅಂದರೆ ಲೂಟಿ, ಉಪದ್ರವ. ಸೋತವರ ಊರಿನಲ್ಲೇ ಸೋತವರ ಹೋರಾಟಕ್ಕೆ ಉಪದ್ರವದ ಹೆಸರು ನಿಂತಿತು. ನಿರಂಜನ ಅದನ್ನು ವಸ್ತುವಾಗಿಟ್ಟುಕೊಂಡು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದರು. ಈಗ ಅದು ‘ಅಮರ ಸುಳ್ಯ ರೈತ ಹೋರಾಟ’. 2022ರಲ್ಲಿ ಬಾವುಟಗುಡ್ಡೆಯಲ್ಲಿ ಆ ಹೋರಾಟದ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿದೆ. ಘಟನೆ ಒಂದೇ, ಹೆಸರು ಬದಲಾಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಬೇಕಾಯಿತು.

ಯುದ್ಧಗಳ ಹೆಸರೂ ಹಾಗೆಯೇ. ಅಮೆರಿಕನ್ನರು ‘ವಿಯೆಟ್ನಾಂ ಯುದ್ಧ’ ಅನ್ನುತ್ತಾರೆ, ವಿಯೆಟ್ನಾಮಿನವರು ‘ಅಮೆರಿಕನ್ ಯುದ್ಧ’. ಎದುರಿನವನ ಹೆಸರನ್ನು ಯುದ್ಧಕ್ಕಿಡುವುದು ಹಲವೆಡೆಯ ರೂಢಿ. ಹಾಗಿದ್ದೂ ನಾವು ಕನ್ನಡದಲ್ಲಿ ‘ಆಂಗ್ಲೋ–ಮೈಸೂರು ಯುದ್ಧ’ ಎಂದೇ ಬರೆಯುತ್ತೇವೆ, ಅವರು ಕೂರಿಸಿದ ಸಾಲಿನಲ್ಲೇ. ‘ಇಸ್ರೇಲ್–ಹಮಾಸ್ ಯುದ್ಧ’, ‘ಗಾಜಾದ ಯುದ್ಧ’, ‘ಗಾಜಾದ ಮೇಲಿನ ಯುದ್ಧ’ ಎಂಬ ಮೂರೂ ಈಗ ಬೇರೆ ಬೇರೆ ಸುದ್ದಿಸಂಸ್ಥೆಗಳಿಂದ ಒಂದೇ ದಿನ ಬರುತ್ತವೆ. ಕೊನೆಯ ಎರಡರ ನಡುವಿನ ಅಂತರವೆಲ್ಲ ‘ಮೇಲಿನ’ ಎಂಬ ಒಂದೇ ಪದದ್ದು. ಆ ಪದಕ್ಕಾಗಿ ಡೆಸ್ಕಿನಲ್ಲಿ ವಾದವಾಗುವುದು ಒಳ್ಳೆಯ ಲಕ್ಷಣ.

7. ‘ಸ್ಲ್ಯಾಮ್’ ಅನ್ನು ಅನುವಾದಿಸಬೇಡಿ

ಇಂಗ್ಲಿಷಿನ ರಾಜಕಾರಣಿಗಳು ಒಬ್ಬರನ್ನೊಬ್ಬರು ಸ್ಲ್ಯಾಮ್ ಮಾಡುತ್ತಾರೆ, ಬ್ಲಾಸ್ಟ್ ಮಾಡುತ್ತಾರೆ. ನಮ್ಮವರು ವಾಗ್ದಾಳಿ ನಡೆಸುತ್ತಾರೆ, ಕಿಡಿ ಕಾರುತ್ತಾರೆ, ಹರಿಹಾಯುತ್ತಾರೆ, ತರಾಟೆಗೆ ತೆಗೆದುಕೊಳ್ಳುತ್ತಾರೆ, ಟಾಂಗ್ ಕೊಡುತ್ತಾರೆ. ಟಾಂಗ್ ಎಂಬುದು ಯಾವ ಲೋಹದ್ದು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಒಂದೇ ವೇದಿಕೆಯಲ್ಲಿ ನಗದಿದ್ದರೆ ‘ಶೀತಲ ಸಮರ’. ಇಂಗ್ಲಿಷ್ ಲೇಖಕ ಆರ್ವೆಲ್ 1945ರ ಅಕ್ಟೋಬರ್‌ನಲ್ಲಿ ಅಣುಬಾಂಬಿನ ಬಗ್ಗೆ ಬರೆದ ಲೇಖನದಲ್ಲಿ ‘ಕೋಲ್ಡ್ ವಾರ್’ ಎಂದಾಗ ಅವನ ಮನಸ್ಸಿನಲ್ಲಿದ್ದದ್ದು ಜಗತ್ತನ್ನೇ ಸುಡಬಲ್ಲ ಅಸ್ತ್ರಗಳು, ಖಾತೆ ಹಂಚಿಕೆಯಲ್ಲ. ತಲೆಬರಹದಲ್ಲಿ ಕಿಡಿ ಇಟ್ಟರೆ ಕೆಳಗೆ ಆ ನಾಯಕ ಏನು ಹೇಳಿದ ಎಂದು ಓದುಗ ಹುಡುಕುತ್ತಾನೆ. ಅವನು ಹೇಳಿದ್ದನ್ನೇ ತಲೆಬರಹಕ್ಕೆ ಎತ್ತಿಕೊಳ್ಳಿ. ಏನೂ ಹೇಳಿರದಿದ್ದರೆ ಅದು ಸುದ್ದಿಯೇ ಅಲ್ಲ.

8. ‘ವಾರ್ ಆನ್’ ಬಂದರೆ ಸಂಬಳ ಕೇಳಿ

ಅಮೆರಿಕದ ಅಧ್ಯಕ್ಷರಲ್ಲಿ ಲಿಂಡನ್ ಜಾನ್ಸನ್ 1964ರಲ್ಲಿ ಬಡತನದ ಮೇಲೆ ಯುದ್ಧ ಸಾರಿದರು, ನಿಕ್ಸನ್ 1971ರಲ್ಲಿ ಮಾದಕ ವಸ್ತುಗಳ ದುರ್ಬಳಕೆಯನ್ನು ದೇಶದ ಶತ್ರು ಎಂದರು, ಬುಷ್ 2001ರಲ್ಲಿ ಭಯೋತ್ಪಾದನೆಯ ಮೇಲೆ ಸಾರಿದರು. ಇಂಥ ಯುದ್ಧಗಳಲ್ಲಿ ಶರಣಾಗುವವರು ಯಾರೂ ಇಲ್ಲ, ಆದ್ದರಿಂದ ಮುಗಿಯುವ ದಿನವೂ ಇಲ್ಲ. 2020ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ, ಮಹಾಭಾರತ ಯುದ್ಧ 18 ದಿನಗಳಲ್ಲಿ ಮುಗಿಯಿತು, ಕೊರೊನಾ ವಿರುದ್ಧದ್ದು 21 ದಿನ ಎಂದರು. ಅದರ ಹಿಂದೆಯೇ ‘ಕೊರೊನಾ ವಾರಿಯರ್ಸ್’ ಬಂದರು. ಕನ್ನಡದಲ್ಲಿ ‘ಸೇನಾನಿ’ಗಳೆಂದೂ ಅಚ್ಚಾಯಿತು.

ನಮ್ಮ ಹಳ್ಳಿಗಳಲ್ಲಿ ಆ ಸೇನಾನಿ ಅಂದರೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಜ್ವರ ಕೇಳಿ ಬರೆದುಕೊಂಡವಳು, ಬೈಸಿಕೊಂಡವಳು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಖಾತ್ರಿ ಮಾಡಿ ಎಂದು ಕೆಲಸ ನಿಲ್ಲಿಸಿದರು. ಕೇಳಿದ್ದು ಸಂಬಳವೂ ಅಲ್ಲ, ‘ಗೌರವಧನ’. ಸೈನಿಕನಿಗೆ ಸಂಬಳ, ಪಿಂಚಣಿ, ಪಡಿತರ ಎಲ್ಲ ಉಂಟು. ಸೇನಾನಿ ಎಂಬ ಬಿರುದು ಸಿಕ್ಕವಳಿಗೆ ಇದ್ದದ್ದು ಗೌರವ ಮತ್ತು ಅದರ ಧನ. ಯಾರಾದರೂ ಯಾವುದಾದರೂ ಯುದ್ಧ ಸಾರಿದರೆ ಅದರ ಬಜೆಟ್ ಎಷ್ಟು ಎಂಬ ಸಾಲನ್ನು ಎರಡನೇ ಪ್ಯಾರಾದಲ್ಲಿ ಹಾಕಿ.

9. ‘ಎನ್‌ಕೌಂಟರ್’ ಈಗ ನಮ್ಮ ಪದ

ಇಂಗ್ಲಿಷರಿಗೆ ಎನ್‌ಕೌಂಟರ್ ಅಂದರೆ ಎದುರುಬದುರಾಗುವುದು. ಹಳೆಯ ಗೆಳತಿ ರೈಲಿನಲ್ಲಿ ಸಿಕ್ಕರೂ ಎನ್‌ಕೌಂಟರೇ. ಭಾರತದ ಪೊಲೀಸ್ ಠಾಣೆಗಳು ಅದಕ್ಕೆ ಕೊಟ್ಟ ಅರ್ಥ, ಗುಂಡಿಟ್ಟು ಕೊಲ್ಲುವುದು, ಈಗ ಕನ್ನಡದ್ದೂ ಹೌದು, ‘ಎನ್‌ಕೌಂಟರ್ ಮಾಡಿದರು’ ಎಂದು ಕ್ರಿಯಾಪದವಾಗಿಯೂ ಓಡಾಡುತ್ತಿದೆ. ಮಾಡಿದರು ಅಂದ ಕೂಡಲೇ ಅದು ಆಕಸ್ಮಿಕವಲ್ಲ ಎಂದು ನಾವೇ ಒಪ್ಪಿದಂತಾಯಿತು. ಇಂಥ ಸಾವುಗಳ ತನಿಖೆ ಹೇಗಿರಬೇಕೆಂದು 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 16 ಅಂಶಗಳ ಮಾರ್ಗಸೂಚಿ ಕೊಟ್ಟಿದೆ. ತನಿಖೆ ಮುಗಿಯುವವರೆಗೆ ‘ಪೊಲೀಸರ ಗುಂಡಿಗೆ ಬಲಿ’ ಎಂದಷ್ಟೇ ಬರೆಯುವುದು ನನ್ನ ಅಭ್ಯಾಸ. ‘ಗುಂಡಿನ ಚಕಮಕಿ’ ಎಂದರೆ ಎರಡೂ ಕಡೆಯಿಂದ ಗುಂಡು ಹಾರಿತು ಎಂದು ನಾವು ಜಾಮೀನು ನಿಂತ ಹಾಗೆ.

10. ನಿಂತದ್ದು ಗುಂಡೋ, ಯುದ್ಧವೋ, ಹಗೆಯೋ?

‘ಸೀಸ್‌ಫೈರ್’, ‘ಟ್ರೂಸ್’, ‘ಆರ್ಮಿಸ್ಟಿಸ್’ ಮೂರಕ್ಕೂ ನಾವು ‘ಕದನ ವಿರಾಮ’ ಅನ್ನುತ್ತೇವೆ. ಸೀಸ್‌ಫೈರ್‌ನಲ್ಲಿ ಗುಂಡು ನಿಲ್ಲುತ್ತದೆ, ಟ್ರೂಸ್ ಹಬ್ಬಕ್ಕೋ ಹೆಣ ಎತ್ತುವುದಕ್ಕೋ ಒಂದೆರಡು ದಿನದ್ದು ಇರಬಹುದು. ಆರ್ಮಿಸ್ಟಿಸ್ ಸಹಿ ಬಿದ್ದ ದಾಖಲೆ, ಆದರೆ ಅದೂ ಶಾಂತಿ ಒಪ್ಪಂದವಲ್ಲ. ಕೊರಿಯಾದಲ್ಲಿ 1953ರ ಜುಲೈ 27ರಂದು ಆದದ್ದು ಆರ್ಮಿಸ್ಟಿಸ್. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. 1784ರಲ್ಲಿ ಟಿಪ್ಪು ಮತ್ತು ಕಂಪನಿ ಮಂಗಳೂರಿನಲ್ಲಿ ಸಹಿ ಹಾಕಿದ್ದು ನಿಜವಾದ ಶಾಂತಿ ಒಪ್ಪಂದ. ಆರು ವರ್ಷಕ್ಕೆ ಮತ್ತೆ ಯುದ್ಧವಾಯಿತು, ಅದು ಬೇರೆ ಮಾತು.

ಭಾರತ–ಪಾಕಿಸ್ತಾನಗಳ ಕಾದಾಟ ನಿಂತ 2025ರ ಮೇ 10ರ ಸಂಜೆ ಡೆಸ್ಕಿಗೆ ಮೂರು ರೀತಿಯ ಕಾಪಿ ಬಂತು. ಅಮೆರಿಕದ ಅಧ್ಯಕ್ಷ ಟ್ರಂಪ್ ಜಾಲತಾಣದಲ್ಲಿ ಹಾಕಿದ್ದು ‘ಸೀಸ್‌ಫೈರ್’. ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಹೇಳಿದ್ದು, ಸಂಜೆ 5 ಗಂಟೆಯಿಂದ ನೆಲ, ಜಲ, ಆಕಾಶ ಮೂರರಲ್ಲೂ ಗುಂಡಿನ ದಾಳಿ, ಸೇನಾ ಕ್ರಮ ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದ್ದಾರೆ ಎಂದು. ವಿದೇಶಾಂಗ ಸಚಿವ ಜೈಶಂಕರ್ ಬಳಸಿದ್ದು ‘ಅಂಡರ್‌ಸ್ಟ್ಯಾಂಡಿಂಗ್’. ಮೂರನೆಯವರು ಮಧ್ಯಸ್ಥಿಕೆ ವಹಿಸಿದ ಕದನ ವಿರಾಮಕ್ಕೂ, ಇಬ್ಬರ ಸೇನಾಧಿಕಾರಿಗಳು ಫೋನಿನಲ್ಲಿ ಮಾಡಿಕೊಂಡ ತಿಳಿವಳಿಕೆಗೂ ದೆಹಲಿಯ ದೃಷ್ಟಿಯಲ್ಲಿ ಅಜಗಜಾಂತರ. ‘ದಾಳಿ ನಿಲ್ಲಿಸಲು ಭಾರತ–ಪಾಕ್ ಒಪ್ಪಿಗೆ; ಕದನ ವಿರಾಮ: ಟ್ರಂಪ್’ ಎಂಬ ತಲೆಬರಹ ಉದ್ದವಾಯಿತು ಎಂದು ಪುಟ ವಿನ್ಯಾಸದವರು ಗೊಣಗಿದರೆ ಅಕ್ಷರದ ಗಾತ್ರ ಇಳಿಸಲಿ.

ದೆಹಲಿಯ ಈ ಜಾಗರೂಕತೆಗೆ ಹಳೆಯ ಕಾರಣವಿದೆ. ಕೊರಿಯಾಕ್ಕಿಂತ ಸರಿಯಾಗಿ ನಾಲ್ಕು ವರ್ಷ ಹಿಂದೆ, 1949ರ ಜುಲೈ 27ರಂದು, ಕರಾಚಿ ಒಪ್ಪಂದದಲ್ಲಿ ಕಾಶ್ಮೀರದ ನಕ್ಷೆಯ ಮೇಲೆ ಎಳೆದದ್ದು ‘ಸೀಸ್‌ಫೈರ್ ಲೈನ್’. 1972ರ ಶಿಮ್ಲಾ ಒಪ್ಪಂದದಲ್ಲಿ ಅದು ಅಲ್ಲಲ್ಲಿ ತಿದ್ದಿಕೊಂಡು ‘ಲೈನ್ ಆಫ್ ಕಂಟ್ರೋಲ್’ ಆಯಿತು, ನಿಯಂತ್ರಣ ರೇಖೆ. ಕದನ ವಿರಾಮದ ರೇಖೆಯೇ ಇಲ್ಲವೆಂದ ಮೇಲೆ ಅದನ್ನು ನೋಡಿಕೊಳ್ಳಲು ಬಂದ ವಿಶ್ವಸಂಸ್ಥೆಯ ಸೇನಾ ವೀಕ್ಷಕರ ಕೆಲಸವೂ ಮುಗಿಯಿತು ಎಂಬುದು ಭಾರತದ ನಿಲುವು. ಪಾಕಿಸ್ತಾನ ಒಪ್ಪುವುದಿಲ್ಲ. ವೀಕ್ಷಕರು ಹೋಗಿಲ್ಲ, ಬೇಸಿಗೆಗೆ ಶ್ರೀನಗರ, ಚಳಿಗಾಲಕ್ಕೆ ಇಸ್ಲಾಮಾಬಾದ್ ಎಂದು ಅವರ ಕೇಂದ್ರ ಕಚೇರಿ ವರ್ಷಕ್ಕೆರಡು ಸಲ ಗಂಟುಮೂಟೆ ಕಟ್ಟುತ್ತಲೇ ಇರುತ್ತದೆ. ಅವರ ಸುದ್ದಿ ಬಂದಾಗ ಕಾಪಿಯಲ್ಲಿ ಆ ರೇಖೆಯನ್ನು ಏನೆಂದು ಕರೆದಿದೆ ಎಂದು ಮೊದಲು ನೋಡಿ, ಆಮೇಲೆ ಅದು ಯಾವ ದೇಶದ ಏಜೆನ್ಸಿಯದ್ದು ಎಂದು ನೋಡಿ.